ಎರಡನೇ ಬೆಳಕಿನ ತನಕ ಅಲ್ಲಾಡಬೇಡಿ

ಯಂತ್ರಗಳ ಮೇಲೆ ನನಗೆ ಸಾಮಾನ್ಯವಾಗಿ ಸಿಟ್ಟು ಬರುವುದಿಲ್ಲ. ಚಟ್ನಿ ಅರ್ಧ ಆಗಿರುವಾಗ ಮಿಕ್ಸಿ ನಿಂತುಹೋದರೆ, ಪಾಪ, ಅದಕ್ಕೂ ವಯಸ್ಸಾಯಿತು ಎಂದುಕೊಂಡು ಸುಮ್ಮನಾಗುವವಳು ನಾನು. ಹಾಗಿದ್ದೂ ಒಂದೇ ಒಂದು ಯಂತ್ರವನ್ನು ಬಾಯ್ತುಂಬ ಬೈದಿದ್ದೇನೆ. ನೆಂಟರ ಎದುರಿಗೆ ಬೈದಿದ್ದೇನೆ, ದೇವರ ಮನೆಯ ಎದುರಿಗೂ ಬೈದಿದ್ದೇನೆ. ಅದು ನಾನೇ ಸಂಬಳ ಉಳಿಸಿ, ನಾನೇ ಆರಿಸಿ ತಂದ ಡಿಜಿಟಲ್ ಕ್ಯಾಮೆರಾ. ಅಂಥದ್ದೊಂದು ವಸ್ತು ಇದೆ ಎಂಬುದೇ ನಮ್ಮ ಕತ್ರಿಗುಪ್ಪೆಯ ಬೀದಿಗೆ ಹೊಸ ಸುದ್ದಿಯಾಗಿದ್ದ ಕಾಲ. ಸೋಪಿನ ಡಬ್ಬಿಯಷ್ಟು ಗಾತ್ರ, ಬೆಳ್ಳಿಯ ಬಣ್ಣ. ಗುಂಡಿ ಒತ್ತಿದರೆ ಆಮೆ ಕತ್ತು ಚಾಚಿದ ಹಾಗೆ ಮೂತಿಯನ್ನು ಮುಂದಕ್ಕೆ ಚಾಚುತ್ತಿತ್ತು.

ಮೊನ್ನೆ ಭಾನುವಾರ ನನ್ನ ಮಗಳು ಸಿಂಚನಾ ಬೀರುವಿನ ಮುಂದೆ ಕೂತು ಎಲ್ಲವನ್ನೂ ಕೆದಕುತ್ತಿದ್ದಳು.

"ಅಮ್ಮಾ, ನಿನ್ ಹತ್ರ ಒಂದು ಹಳೇ ಡಿಜಿಕ್ಯಾಮ್ ಇತ್ತಲ್ಲ, ಎಲ್ಲೋಯ್ತು? ಬಿಸಾಕಿಲ್ಲ ತಾನೇ?"

"ಅದ್ಯಾಕೆ ಈಗ?"

"ಈಗ ಅದೇ ಟ್ರೆಂಡ್. ಫೋನಲ್ಲಿ ತೆಗೆದ್ರೆ ತುಂಬಾ ಕ್ಲಿಯರ್ ಆಗಿ ಬಂದ್ಬಿಡತ್ತೆ. ಅದ್ರಲ್ಲಿ ಮಂಜುಮಂಜಾಗಿ, ಮುಖಕ್ಕೆ ಫ್ಲ್ಯಾಶ್ ಹೊಡ್ದು, ಸಖತ್ತಾಗಿರತ್ತೆ. ನನ್ ಫ್ರೆಂಡ್ಸೆಲ್ಲ ಹುಡುಕ್ತಿದಾರೆ."

ಕೇಳಿ ನನಗೆ ಮೈಯೆಲ್ಲ ಉರಿಯಿತು. ಯಾವ ಮಂಜಿಗಾಗಿ ಬಂಧುಬಳಗದವರಿಂದೆಲ್ಲ ಮಾತು ಕೇಳಿದೆನೋ, ಯಾವ ಫ್ಲ್ಯಾಶಿಗಾಗಿ ನಾಲ್ಕು ಜನರ ನಡುವೆ ನಗೆಪಾಟಲಾದೆನೋ, ಅದನ್ನೇ ಇವರು ಈಗ ಹುಡುಕಿಕೊಂಡು ಹೋಗಿ ಕೊಳ್ಳುತ್ತಾರಂತೆ.

ಇಷ್ಟು ಸಿಟ್ಟು ಯಾಕೆ ಎಂದು ನೀವು ಕೇಳಬಹುದು. ನಾನು ಜಯನಗರದ ಒಂದು ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ವಿಷಯವನ್ನು ಬುಡದಿಂದ ಹೇಳದಿದ್ದರೆ ನನಗೆ ತಿಂದದ್ದು ಅರಗುವುದಿಲ್ಲ. ಆ ಕ್ಯಾಮೆರಾವನ್ನು ನಾನು ಕೊಂಡದ್ದು ಶೋಕಿಗಲ್ಲ, ನಮ್ಮ ಅತ್ತೆಯವರ ಫೋಟೊಕ್ಕೆ. ಗೋಡೆಯ ಫೋಟೊಕ್ಕೆ.

ನಮ್ಮ ಮಾವನವರು ಲಿಂಗೈಕ್ಯರಾದಾಗ ಗೋಡೆಗೆ ಹಾಕಲು ಒಂದು ನೆಟ್ಟಗಿನ ಫೋಟೊ ಸಿಗಲಿಲ್ಲ. ಕೊನೆಗೆ ಯಾರದೋ ಮದುವೆಯ ಗುಂಪಿನಿಂದ ಅವರನ್ನು ಕತ್ತರಿಸಿ ತೆಗೆದು ದೊಡ್ಡದು ಮಾಡಿಸಿದ್ದಾಯಿತು. ಪಕ್ಕದಲ್ಲಿ ನಿಂತಿದ್ದವರು ಹೋದರು, ಅವರ ಕೈ ಮಾತ್ರ ಹೋಗಲಿಲ್ಲ. ಇವತ್ತಿಗೂ ನಮ್ಮ ಹಾಲಿನಲ್ಲಿ ಮಾವನವರ ಹೆಗಲ ಮೇಲೆ ಉಂಗುರ ತೊಟ್ಟ ಒಂದು ಅನಾಮಧೇಯ ಕೈ ಇದೆ. ಪ್ರತಿ ಸೋಮವಾರ ಅತ್ತೆ ಆ ಫೋಟೊ ಒರೆಸಿ, ವಿಭೂತಿ ಹಚ್ಚಿ, ಹೂ ಏರಿಸಿ, ಆ ಕೈಯನ್ನು ದುರುಗುಟ್ಟಿ ನೋಡುತ್ತಿದ್ದರು.

"ನೋಡು ಶೈಲಾ, ನನಗೆ ಹೀಗಾಗಬಾರ್ದು. ನಾನಿರುವಾಗ್ಲೇ ಒಂದು ಒಳ್ಳೇ ಫೋಟೋ ತೆಗ್ದಿಟ್ಬಿಡು. ಗಂಭೀರವಾಗಿರ್ಬೇಕು. ಬಾಯಿ ಮುಚ್ಚಿರ್ಬೇಕು."

"ಆಯ್ತು ಅತ್ತೆ, ನಾನೇ ತೆಗೀತೀನಿ" ಎಂದೆ. ಒಪ್ಪಿಕೊಂಡದ್ದು ಅಷ್ಟೆ. ಕ್ಯಾಮೆರಾ ಮಾರಿದ ಜಯನಗರದ ಅಂಗಡಿಯವನು "ಮೇಡಂ, ಇನ್ಮೇಲೆ ರೀಲು ಹಾಕ್ಸೋದು, ತೊಳ್ಸೋದು ಯಾವ ತಾಪತ್ರಯಾನೂ ಇಲ್ಲ, ತೆಗೀತಾ ಇರೋದೇ" ಎಂದಿದ್ದ. ರೀಲಿನ ತಾಪತ್ರಯ ತಪ್ಪಿದ್ದು ನಿಜ. ಸೆಲ್ಲಿನ ತಾಪತ್ರಯದ ಬಗ್ಗೆ ಅವನು ತುಟಿ ಬಿಚ್ಚಲಿಲ್ಲ.

ಆ ಕ್ಯಾಮೆರಾ ಸೆಲ್ಲುಗಳನ್ನು ಕಡ್ಲೆಪುರಿಯ ಹಾಗೆ ತಿನ್ನುತ್ತಿತ್ತು. ಹೊಸ ಸೆಲ್ಲು ಹಾಕಿ, ಮೂತಿ ಚಾಚಿಸಿ, ಎಲ್ಲರನ್ನೂ ಸಾಲಾಗಿ ನಿಲ್ಲಿಸುವಷ್ಟರಲ್ಲಿ ಪರದೆಯ ಮೇಲೆ ಕೆಂಪು ದೀಪ ಮಿಟುಕಿಸಿ, ಚಾಚಿದ ಮೂತಿಯನ್ನು ಒಳಗೆಳೆದುಕೊಂಡು ಮಲಗಿಬಿಡುತ್ತಿತ್ತು. ಆಗ ನಾನು ಗೋಡೆ ಗಡಿಯಾರದ ಸೆಲ್ಲು ಕೀಳುವುದು, ಟೀವಿ ರಿಮೋಟಿನ ಸೆಲ್ಲು ಕೀಳುವುದು. ನಮ್ಮ ಮನೆಗೆ ಬಂದವರು ಗಡಿಯಾರ ನಿಂತಿರುವುದನ್ನು ಕಂಡೇ ಈ ಮನೆಯಲ್ಲಿ ಈಚೆಗೆ ಏನೋ ಸಮಾರಂಭ ನಡೆದಿದೆ ಎಂದು ತಿಳಿಯಬಹುದಿತ್ತು.

ಸೆಲ್ಲು ತೆಗೆದರೆ ಇನ್ನೊಂದು ಅನಾಹುತ. ಕ್ಯಾಮೆರಾಕ್ಕೆ ತಾರೀಕು ಮರೆತುಹೋಗುತ್ತಿತ್ತು. ಮತ್ತೆ ಎಚ್ಚರಾದಾಗ ಅದಕ್ಕೆ ಯಾವಾಗಲೂ ಜನವರಿ ಒಂದು. ತಿದ್ದುವುದಕ್ಕೆ ನನಗೆ ಪುರುಸೊತ್ತಿರಲಿಲ್ಲ, ಇದ್ದಾಗ ವಿಧಾನ ಮರೆತಿರುತ್ತಿತ್ತು. ಹೀಗಾಗಿ ನಮ್ಮ ಮನೆತನದ ಹುಟ್ಟುಹಬ್ಬ, ಗೃಹಪ್ರವೇಶ, ಗೌರಿ ಹಬ್ಬ ಎಲ್ಲವೂ ಜನವರಿ ಒಂದರಂದೇ ನಡೆದಿವೆ. ಫೋಟೊದ ಮೂಲೆಯಲ್ಲಿ ಕಿತ್ತಳೆ ಬಣ್ಣದ ಅಂಕಿಗಳು ಸಾಕ್ಷಿ ಹೇಳುತ್ತವೆ. ಮೈದುನನ ಮದುವೆಯ ಫೋಟೊಗಳನ್ನು ತಿಪಟೂರಿನ ದೊಡ್ಡಮ್ಮನಿಗೆ ತೋರಿಸಿದಾಗ ಆಕೆ ಕನ್ನಡಕ ಏರಿಸಿ ಮೊದಲು ಮದುಮಗಳನ್ನು ನೋಡಲಿಲ್ಲ, ಮೂಲೆಯನ್ನು ನೋಡಿದರು.

"ಧನುರ್ಮಾಸದಲ್ಲಿ ಮದ್ವೆ ಮಾಡಿದ್ರೇನೇ? ನಿಮಗೆ ಹೇಳೋರು ಕೇಳೋರು ಯಾರೂ ಇಲ್ವಾ?"

ಮೊಣಕಾಲು ನೋವೆಂದು ಮದುವೆಗೆ ಬಾರದವರು ಅವರು. ಮೇ ತಿಂಗಳ ಬಿಸಿಲಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ನಾವು ಮಾಡಿದ ಮದುವೆಯನ್ನು ಆ ಡಬ್ಬಿ ಅಶುಭ ಮಾಸಕ್ಕೆ ತಳ್ಳಿತ್ತು. ಆಮೇಲೆ ಆ ದಂಪತಿಗಳು ಯಾವುದಕ್ಕೆ ಜಗಳವಾಡಿದರೂ ದೊಡ್ಡಮ್ಮ ನನ್ನ ಕಡೆ ಅರ್ಥಗರ್ಭಿತವಾಗಿ ನೋಡುತ್ತಿದ್ದರು.

ಇಷ್ಟನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಅದರ ಬೆಳಕು. ಫೋಟೊದಲ್ಲಿ ಮನುಷ್ಯರ ಕಣ್ಣು ಕೆಂಪಗೆ ಕಾಣಬಾರದೆಂದು ಅದು ಮೊದಲು ಒಂದು ಹುಸಿ ಬೆಳಕು ಬೀರುತ್ತಿತ್ತು. ಆಮೇಲೆ ಒಂದು ಉಸಿರಿನಷ್ಟು ಹೊತ್ತು ಸುಮ್ಮನೆ. ಅದಾದ ಮೇಲೆ ನಿಜವಾದ ಬೆಳಕು, ನಿಜವಾದ ಫೋಟೊ. ಆದರೆ ನಮ್ಮ ಜನ ಸ್ಟುಡಿಯೋದಲ್ಲಿ ಪಳಗಿದವರು. ಬೆಳಕು ಬಂತು ಎಂದರೆ ಮುಗಿಯಿತು, ಬಿಗಿಹಿಡಿದ ಉಸಿರು ಬಿಡಬಹುದು, ಹೊಟ್ಟೆ ಸಡಿಲ ಬಿಡಬಹುದು ಎಂಬುದು ಅವರಿಗೆ ರಕ್ತಗತ. ಮೊದಲ ಬೆಳಕಿನವರೆಗೆ ಎಲ್ಲರೂ ಶಿಲಾಮೂರ್ತಿಗಳು. ಎರಡನೆಯ ಬೆಳಕಿಗೆ ಒಬ್ಬರು ಆಕಳಿಸುತ್ತಾ, ಇನ್ನೊಬ್ಬರು ಸೆರಗು ಕೊಡವುತ್ತಾ, ಮತ್ತೊಬ್ಬರು ಊಟದ ಮನೆಯ ಕಡೆ ತಿರುಗಿ ಹೊರಟಿರುವರು. ನನ್ನ ಫೋಟೊಗಳಲ್ಲಿ ನಮ್ಮ ಬಳಗದವರ ಬೆನ್ನುಗಳ ಅಪೂರ್ವ ಸಂಗ್ರಹವಿದೆ.

"ಎರಡನೇ ಬೆಳಕಿನ ತನಕ ಅಲ್ಲಾಡ್ಬೇಡಿ!" ಎಂದು ನಾನು ಗಂಟಲು ಹರಿದುಕೊಳ್ಳುತ್ತಿದ್ದೆ. "ಬಂತಲ್ಲಮ್ಮ ಬೆಳಕು?" ಎಂದು ಅವರು. "ಅದು ಸುಳ್ಳು ಬೆಳಕು, ನಿಜವಾದ್ದು ಹಿಂದೆ ಬರತ್ತೆ" ಎಂದರೆ, ವೇದಾಂತ ಹೇಳುತ್ತಿದ್ದೇನೆಂದು ನಗುತ್ತಿದ್ದರು. ಒಮ್ಮೆ ಹೇಗೋ ಆ ಹುಸಿ ಬೆಳಕನ್ನು ಆರಿಸಿ ನೋಡಿದೆ. ಎಲ್ಲರ ಕಣ್ಣೂ ಕೆಂಡದುಂಡೆಯಾಗಿ ಬಂದು, "ಇದೇನೇ ಶೈಲಾ, ನನ್ನ ಮಾರಮ್ಮನ್ನ ಮಾಡಿದ್ದೀಯ" ಎಂದು ಅತ್ತೆ ಮುನಿಸಿಕೊಂಡರು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ನಮ್ಮ ಯಜಮಾನರು ಪತ್ರಿಕೆಯ ಹಿಂದಿನಿಂದ ಗಾದೆ ಹೇಳಿದರು. ನೆಲ ಡೊಂಕಾಗಿಯೇ ಇದ್ದಾಗ ಕುಣಿಯುವವಳು ಏನನ್ನಬೇಕು ಎಂಬುದಕ್ಕೆ ಗಾದೆ ಇಲ್ಲ.

ದೇವತೆಗಳಿಗೆ ಅನಿಮಿಷರು ಎಂಬ ಹೆಸರಿರುವುದು ನಿಮಗೆ ಗೊತ್ತಿರಬಹುದು. ಅವರು ರೆಪ್ಪೆ ಬಡಿಯುವುದಿಲ್ಲ, ಬೆವರುವುದಿಲ್ಲ, ಅವರು ಮುಡಿದ ಹೂ ಬಾಡುವುದಿಲ್ಲ. ದೇವತೆ ಯಾರು, ಮನುಷ್ಯ ಯಾರು ಎಂದು ಗುರುತಿಸುವುದಕ್ಕೆ ನಮ್ಮ ಹಿರಿಯರು ಹೇಳಿದ ಲಕ್ಷಣಗಳು ಇವು. ತರಗತಿಯಲ್ಲಿ ಈ ಮಾತು ಬಂದಾಗಲೆಲ್ಲ ನನಗೆ ಅನ್ನಿಸುತ್ತಿತ್ತು: ಈ ಕ್ಯಾಮೆರಾವನ್ನು ದೇವಲೋಕದ ಪೇಟೆಗೆಂದೇ ಮಾಡಿರಬೇಕು, ಲಾರಿ ದಾರಿ ತಪ್ಪಿ ಜಯನಗರ ನಾಲ್ಕನೇ ಬ್ಲಾಕಿಗೆ ಬಂದಿರಬೇಕು.

ನಮ್ಮ ಅತ್ತೆಯಂತೂ ಮನುಷ್ಯರಲ್ಲಿ ಮನುಷ್ಯರು. ವರ್ಷದಲ್ಲಿ ಎರಡು ಮೂರು ಸಲವಾದರೂ ಅವರ ಗೋಡೆಯ ಫೋಟೊಕ್ಕೆ ಪ್ರಯತ್ನ ನಡೆಯುತ್ತಿತ್ತು. ಜರಿಯಂಚಿನ ಸೀರೆ ಉಟ್ಟು, ಹಣೆಗೆ ವಿಭೂತಿ ಎಳೆದು, ಕೆಂಪಿನ ಓಲೆ ಇಟ್ಟು, ಕುರ್ಚಿಯ ಮೇಲೆ ನೆಟ್ಟಗೆ ಕೂರುತ್ತಿದ್ದರು. ಗುಂಡಿ ಒತ್ತುತ್ತಿದ್ದೆ. ಹುಸಿ ಬೆಳಕು ಮಿಂಚುತ್ತಿತ್ತು. ತಕ್ಷಣ ಅತ್ತೆ ಕತ್ತು ಮುಂದೆ ಚಾಚಿ, ಹುಬ್ಬೇರಿಸಿ, "ಆಯ್ತಾ?" ಎನ್ನುತ್ತಿದ್ದರು. ಆಗ ಫೋಟೊ ಬೀಳುತ್ತಿತ್ತು. ಎಷ್ಟು ಸಲ ಹೇಳಿಕೊಟ್ಟರೂ ಅಷ್ಟೆ. ಎರಡನೇ ಬೆಳಕಿಗೆ ಕಾಯುತ್ತೇನೆ ಎಂದು ತಲೆಯಾಡಿಸಿ, ಮೊದಲ ಬೆಳಕಿಗೆ "ಆಯ್ತಾ?"

ಆ "ಆಯ್ತಾ?" ನನಗೆ ಹೊಸದಲ್ಲ. ಮದುವೆಯಾಗಿ ಬಂದ ಮಾರನೆಯ ಬೆಳಗಿನಿಂದ ಕೇಳಿದ್ದು. ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಕೈಯಾನಿಸಿ ನಿಂತು, ಒಳಗೂ ಬಾರದೆ ಆಚೆಗೂ ಹೋಗದೆ, ಕಾಫಿ ಆಯ್ತಾ, ತಿಂಡಿ ಆಯ್ತಾ, ಡಬ್ಬಿ ಆಯ್ತಾ. ಕಾಲೇಜಿಗೆ ಹೊತ್ತಾಗುತ್ತಿದೆ, ಒಲೆಯ ಮೇಲೆ ಪಲ್ಯ ತಳ ಹಿಡಿಯುತ್ತಿದೆ, ಇವರದು "ಆಯ್ತಾ?" ಕೇಳಿದರೆ ಬೇಳೆ ಬೇಗ ಬೇಯುತ್ತದೆಯೇ? ಈ ಕ್ಯಾಮೆರಾ ಬೇರೆ ಆ ಮಾತನ್ನೇ ಹಿಡಿದು ಹಿಡಿದು ಕೊಡುತ್ತಿತ್ತು.

ತೆಗೆದ ಫೋಟೊವನ್ನು ಅಲ್ಲೇ ನೋಡಬಹುದಾದದ್ದು ಇನ್ನೊಂದು ಪೀಡೆ. ಬೆಂಕಿಪೊಟ್ಟಣದಷ್ಟು ಪರದೆಗೆ ಹತ್ತು ತಲೆ ಮುತ್ತುತ್ತಿದ್ದವು. ನನ್ನ ಕಣ್ಣು ಮುಚ್ಚಿದೆ, ಅಳಿಸು. ನಾನು ದಪ್ಪ ಕಾಣ್ತೀನಿ, ಅಳಿಸು. ನೆಂಟರು ಕ್ಯಾಮೆರಾ ಕಿತ್ತುಕೊಂಡು ತಾವೇ ಅಳಿಸಿ ಕೊಡುತ್ತಿದ್ದರು. ಅತ್ತೆಗೆ ಮಾತ್ರ ಅದು ಬರುತ್ತಿರಲಿಲ್ಲವಾದ್ದರಿಂದ ನನಗೆ ಹೇಳುತ್ತಿದ್ದರು: "ಥೂ, ಬಾಯಿ ಬಿಟ್ಕೊಂಡಿದೀನಿ, ತೆಗ್ದಾಕು ಅದನ್ನ." ನಾನು ಗುಂಡಿ ಒತ್ತುತ್ತಿದ್ದೆ. ಅದು ಏನೋ ಕೇಳುತ್ತಿತ್ತು, ಕನ್ನಡಕ ಹುಡುಕುವ ತಾಳ್ಮೆಯಿಲ್ಲದೆ ಇನ್ನೊಮ್ಮೆ ಒತ್ತುತ್ತಿದ್ದೆ. "ಹಾಕ್ದೆ ಅತ್ತೆ." ಕಾರ್ಡು ಯಾಕಪ್ಪ ಇಷ್ಟು ಬೇಗ ತುಂಬುತ್ತದೆ ಎಂದು ಅದಕ್ಕೂ ಸೇರಿಸಿ ಕ್ಯಾಮೆರಾವನ್ನೇ ಬೈಯುತ್ತಿದ್ದೆ.

ಕೊನೆಗೆ ಇಬ್ಬರಿಗೂ ಸಾಕಾಯಿತು. ಕ್ಯಾಮೆರಾವನ್ನು ಮೈಸೂರುಪಾಕಿನ ಡಬ್ಬಿಯೊಳಗಿಟ್ಟು ಬೀರುವಿಗೆ ಸೇರಿಸಿದೆ. ಅತ್ತೆಯನ್ನು ಆಟೋದಲ್ಲಿ ಮುಖ್ಯರಸ್ತೆಯ ಸ್ಟುಡಿಯೋಗೆ ಕರೆದುಕೊಂಡು ಹೋದೆ. ಅಲ್ಲಿ ಬೂದು ಪರದೆಯ ಮುಂದೆ, "ಅಮ್ಮಾವ್ರೇ, ಗಲ್ಲ ಸ್ವಲ್ಪ ಮೇಲೆ" ಎಂದಾಗ ಅತ್ತೆ ಗಲ್ಲ ಎತ್ತಿದರು, ಬಾಯಿ ಮುಚ್ಚಿದರು, ಒಂದೇ ಬೆಳಕಿಗೆ ಕೆಲಸ ಮುಗಿಯಿತು. ಫೋಟೊ ಗಂಭೀರವಾಗಿ ಬಂತು. ಅತ್ತೆಗೆ ತೃಪ್ತಿಯಾಯಿತು. ಅವರು ಲಿಂಗೈಕ್ಯರಾಗಿ ಕೆಲವು ವರ್ಷಗಳಾದವು. ಶಿವಗಣಾರಾಧನೆಯ ದಿನ ಅವರು ಬಯಸಿದಂತೆಯೇ ಆ ಫೋಟೊ ಮಾವನವರ ಪಕ್ಕಕ್ಕೆ ಏರಿತು. ಬಂದವರೆಲ್ಲ ಚೆನ್ನಾಗಿದೆ ಎಂದರು. ನಾನೂ ಹೂ ಏರಿಸಿ, ಕೈ ಮುಗಿದು, ಅತ್ತೆ ಕಾಣುತ್ತಾರೇನೋ ಎಂದು ಕಾದು ನೋಡಿದೆ. ಫೋಟೊದಲ್ಲಿದ್ದವರು ರೆಪ್ಪೆ ಬಡಿಯದ ಯಾರೋ ದೇವತೆ. ಅವರಿಗೂ ನಮ್ಮ ಅಡುಗೆಮನೆಗೂ ಸಂಬಂಧವೇ ಇರಲಿಲ್ಲ. ನನಗೆ ಅಳು ಬರಲಿಲ್ಲ, ಮೋಸ ಹೋದ ಹಾಗಾಯಿತು. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ಏನೆಂದು ಹೇಳುವುದು? ಫೋಟೊ ಚೆನ್ನಾಗಿತ್ತಲ್ಲ.

ಭಾನುವಾರ ಸಿಂಚನಾ ಮೈಸೂರುಪಾಕಿನ ಡಬ್ಬಿ ಹುಡುಕಿ ತೆಗೆದಳು. ನಾನು ಬೇಡವೆನ್ನುವಷ್ಟರಲ್ಲಿ ರಿಮೋಟಿನ ಸೆಲ್ಲು ಕಿತ್ತಳು. ರಕ್ತಗುಣ ಎಲ್ಲಿ ಹೋಗುತ್ತದೆ. ಆಮೆ ಮೂತಿ ಚಾಚಿತು. ಸ್ವಲ್ಪ ಹೊತ್ತು ಗುಂಡಿ ಒತ್ತುತ್ತಾ ಕೂತವಳು ಇದ್ದಕ್ಕಿದ್ದಂತೆ ಕೂಗಿಕೊಂಡಳು.

"ಅಮ್ಮಾ, ಅಜ್ಜಿ! ಬರೀ ಅಜ್ಜೀನೇ ಇದಾರೆ. ಎಲ್ಲಾದ್ರಲ್ಲೂ ಆಯ್ತಾ ಅಂತಿದಾರೆ!"

ನಾನು ಈ ಸಲ ಕನ್ನಡಕ ಹಾಕಿಕೊಂಡೇ ನೋಡಿದೆ. ಒಂದೂ ಅಳಿದಿರಲಿಲ್ಲ. ಅಳಿಸಲೇ ಎಂದು ಅದು ಕೇಳುವಾಗ ಬೇಡ ಎಂಬ ಉತ್ತರವನ್ನೇ ಮುಂದಿಟ್ಟುಕೊಂಡು ಕೇಳುತ್ತಿತ್ತಂತೆ, ನಾನು ಅದಕ್ಕೇ ಒತ್ತುತ್ತಿದ್ದೆನಂತೆ. ಕೆಂಪಿನ ಓಲೆ, ಮಂಜುಮಂಜಾದ ವಿಭೂತಿ, ಮುಂದೆ ಚಾಚಿದ ಕತ್ತು, ಅರ್ಧ ತೆರೆದ ಬಾಯಿ. ಒಂದಾದ ಮೇಲೊಂದು, ಹಬ್ಬದ ಮೇಲೆ ಹಬ್ಬ, ಎಲ್ಲವೂ ಜನವರಿ ಒಂದು. ಮಗಳೆದುರು ಕಣ್ಣೊರೆಸಿಕೊಳ್ಳಲು ಸೆರಗು ಸಾಲಲಿಲ್ಲ.

ಒಂದನ್ನು ದೊಡ್ಡದು ಮಾಡಿಸಿ ತಂದೆ. ಯಜಮಾನರು ನೋಡಿ ಮುಖ ಗಂಟು ಹಾಕಿದರು.

"ಅಮ್ಮಂಗೆ ಇದು ಬೇಡ್ವಾಗಿತ್ತು ಕಣೆ. ಬಾಯಿ ಬಿಟ್ಕೊಂಡಿರೋ ಫೋಟೋನ ಗೋಡೆಗೆ ಹಾಕ್ತೀಯಾ? ಇದ್ದಿದ್ರೆ ಬೈಯೋರು."

"ಬೈಲಿ ಬಿಡಿ" ಎಂದೆ.

ಅವರು ಫೋಟೊದ ಗಾಜನ್ನು ಪಂಚೆಯ ಅಂಚಿನಿಂದ ಒರೆಸಿದರು. ಆಮೇಲೆ, "ಮೊಳೆ ಎಲ್ಲಿಟ್ಟಿದೀಯ?" ಎಂದರು.

ಹಾಲಿನಲ್ಲಿರುವ ದೇವತೆ ಅಲ್ಲೇ ಇದ್ದಾರೆ; ಅದು ಅತ್ತೆ ಬಯಸಿದ್ದು, ಅದಕ್ಕೆ ಸೋಮವಾರದ ಹೂವೂ ಉಂಟು. ಈ ಫೋಟೊ ಊಟದ ಕೋಣೆಯಲ್ಲಿ, ಅಡುಗೆಮನೆಯ ಬಾಗಿಲಿಗೆ ಎದುರಾಗಿದೆ. ಇದಕ್ಕೆ ಹೂ ಹಾಕುವುದಿಲ್ಲ. ಧನುರ್ಮಾಸದ ತಾರೀಕನ್ನು ಕತ್ತರಿಸಿ ತೆಗೆಯೋಣವೇ ಎಂದು ಫೋಟೊ ದೊಡ್ಡದು ಮಾಡಿಕೊಟ್ಟ ಅಂಗಡಿಯವರು ಕೇಳಿದ್ದರು, ಬೇಡವೆಂದೆ.

ಕ್ಯಾಮೆರಾ ಈಗ ಮಗಳ ಬಳಿ ಇದೆ. ನಿನ್ನೆ ಗಿರಿನಗರದಲ್ಲಿ ಗೆಳತಿಯ ನಿಶ್ಚಿತಾರ್ಥಕ್ಕೆ ಹೊತ್ತುಕೊಂಡು ಹೋಗಿ, ಅಲ್ಲಿಂದ ಫೋನು ಮಾಡಿ, "ಅಮ್ಮಾ, ಇದು ಆಫ್ ಆಗ್ಬಿಡ್ತು, ಯಾರೂ ನೆಟ್ಟಗೆ ನಿಲ್ತಾ ಇಲ್ಲ, ಎಲ್ಲರ ಬೆನ್ನೇ ಬರ್ತಿದೆ" ಎಂದು ಗೋಳಾಡಿದಳು. ಅನುಭವಿಸಲಿ. ನಮ್ಮ ಟೀವಿ ರಿಮೋಟಿಗೆ ಇನ್ನೂ ಸೆಲ್ಲಿಲ್ಲ.

ಈ ದಿನ ಬೆಳಿಗ್ಗೆಯೂ ಕಾಲೇಜಿಗೆ ಹೊತ್ತಾಗಿತ್ತು. ಒಂದು ಕಡೆ ಕುಕ್ಕರು, ಇನ್ನೊಂದು ಕಡೆ ತಳ ಹಿಡಿಯುತ್ತಿರುವ ಹುರುಳಿಕಾಯಿ ಪಲ್ಯ. ಸೌಟು ಹಿಡಿದು ತಿರುಗಿದರೆ ಎದುರಿಗೆ ಅತ್ತೆ, ಕತ್ತು ಮುಂದೆ ಚಾಚಿ, ಹುಬ್ಬೇರಿಸಿ. ಎಂದಿನಂತೆ ಮೈ ಉರಿಯಿತು. ಎಂದಿನ ಹಾಗೆ ಸುಮ್ಮನಿರದೆ ಬಾಯಿಬಿಟ್ಟೇ ಹೇಳಿದೆ: "ಇನ್ನೂ ಆಗಿಲ್ಲ ಅತ್ತೆ. ಅಲ್ಲೇ ಇರಿ, ಅಲ್ಲಾಡ್ಬೇಡಿ."