ಕಾರ್ಡಿನ ಅಂಚು ಹಿಡಿದ ಕೈ

ಕಾಕನ ಎಡ ಮಣಿಕಟ್ಟಿನ ಮೇಲೆ ಬೆಳ್ಳಗೆ ಒಂದು ಗುರುತಿತ್ತು. ಅದು ವಾಚಿನದಲ್ಲ. ಮೈಯಲ್ಲಿರುವ ಕರೆಂಟು ತಾಗಿ ಕಾರ್ಡು ಕೆಡಬಾರದೆಂದು ಕಟ್ಟುವ ಅರ್ಥಿಂಗ್ ಪಟ್ಟಿಯದು. ಬೈಕಂಪಾಡಿಯ ಗೋದಾಮು ಕಂಪನಿಯೊಂದರ ಸರ್ವರ್ ರೂಮಿನಲ್ಲಿ ನಾವಿಬ್ಬರೇ. ಹಿರಿಯರಾದ್ದರಿಂದ ಎಲ್ಲರಿಗೂ ಅವರು ಕಾಕ.

ಸರ್ವರನ್ನು ಡಿಸ್ಕುಗಳಿರುವ ಸ್ಟೋರೇಜಿಗೆ ಜೋಡಿಸುವ ಅಂಗೈಯಗಲದ ಕಾರ್ಡನ್ನು ಅವರು ಅಂಚಿನಲ್ಲಷ್ಟೇ ಹಿಡಿಯುತ್ತಿದ್ದರು. "ಇದು ಹೊಳೆ ದಾಟಿಸುವ ನಮ್ಮ ಕೂಳೂರು ಸಂಕ ಮಾರಾಯ. ಇದು ಬಿದ್ರೆ ಆಚೆ ಎಷ್ಟು ಸಾಮಾನು ಇದ್ರೂ ಈಚೆಯವನಿಗೆ ಎಂತ ಪ್ರಯೋಜನ?" ಪ್ರತಿ ಕಾರ್ಡಿಗೂ ಅದರದ್ದೇ ನಂಬರು. ಸ್ಟೋರೇಜು ಗುರುತು ಹಿಡಿಯುವುದು ಆ ನಂಬರನ್ನೇ. ಕಾರ್ಡು ಬದಲಿಸಿದರೆ ಹೊಸ ನಂಬರನ್ನು ಅದಕ್ಕೆ ತಿಳಿಸಲೇಬೇಕು. ಕಾಕ ಮೊದಲು ಆ ಹೊಸ ನಂಬರನ್ನು ಪ್ಲಾಸ್ಟರ್ ತುಂಡಿನ ಮೇಲೆ ಬರೆದು ಸರ್ವರಿನ ಮುಖಕ್ಕೆ ಅಂಟಿಸಿ, ಆಮೇಲೆಯೇ ಸ್ಕ್ರೂಡ್ರೈವರ್ ಮುಟ್ಟುತ್ತಿದ್ದರು. ನಾನು ನಗುತ್ತಿದ್ದೆ.

ಒಂದು ಶುಕ್ರವಾರ ಕಾಕ ಜುಮಾ ನಮಾಜಿಗೆ ಹೋಗಿದ್ದಾಗ ಒಂದು ಕಾರ್ಡು ಸತ್ತಿತು. ಅರ್ಧ ಗಂಟೆ ಕಾಯುವ ತಾಳ್ಮೆ ಮ್ಯಾನೇಜರನಿಗಿಲ್ಲ. "ನೀನೇ ಹಾಕು" ಎಂದ. ಹಾಕಿದೆ. ನಂಬರು ಬರೆಯಲಿಲ್ಲ, ಸ್ಟೋರೇಜಿಗೆ ತಿಳಿಸಲೂ ಇಲ್ಲ. ಸರ್ವರು ಎದ್ದಿತು, ಡಿಸ್ಕು ಒಂದೂ ಕಾಣಲಿಲ್ಲ. ಗೇಟ್ ಪಾಸ್ ಸಿಗದೆ ಲಾರಿಗಳು ಸಾಲುಗಟ್ಟಿದವು. ನಾನು ಕೇಬಲ್ಲನ್ನೇ ಕಿತ್ತು ಕಿತ್ತು ಸಿಕ್ಕಿಸುತ್ತಿದ್ದೆ. ಕಾಕ ಬಂದರು, ಸರ್ವರಿನ ಮೇಲೆ ಹಳೇ ಪ್ಲಾಸ್ಟರೇ ಇರುವುದನ್ನು ಕಂಡರು, ಹತ್ತು ನಿಮಿಷದಲ್ಲಿ ಸರಿ ಮಾಡಿದರು. ನನಗೆ ಒಂದು ಮಾತೂ ಬೈಯಲಿಲ್ಲ.

ಮ್ಯಾನೇಜರ್ ರಿಪೋರ್ಟಿನಲ್ಲಿ ಬರೆದದ್ದೇನು? ಹಿರಿಯ ತಂತ್ರಜ್ಞ ಹೇಳದೆ ಕೇಳದೆ ಕೆಲಸ ಬಿಟ್ಟು ಹೋದದ್ದೇ ಕಾರಣ! ವರ್ಷಗಟ್ಟಲೆ ಪ್ರತಿ ಶುಕ್ರವಾರ ಅವನಿಗೇ ಹೇಳಿ ಹೋದವರು ಕಾಕ. ಆ ಮನುಷ್ಯನ ಮುಖ ನೆನೆದರೆ ಈಗಲೂ ಮೈ ಉರಿಯುತ್ತದೆ. ಆದರೆ ರಿಪೋರ್ಟಿನ ಕೆಳಗೆ ಸಾಕ್ಷಿಯೆಂದು ಸಹಿ ಹಾಕಿದ ಹೇಡಿ ನಾನು.

ತಪ್ಪೊಪ್ಪಿಗೆ ಬರೆದುಕೊಡಿ ಎಂದು ಮ್ಯಾನೇಜರ್ ಕೇಳಿದಾಗ ಕಾಕ ಹೇಳಿದ್ದಿಷ್ಟೇ: "ನಮಾಜಿಗೆ ಹೋದದ್ದು ತಪ್ಪು ಅಂತ ನಾನು ಬರೆದು ಕೊಡುದಿಲ್ಲ." ಅವತ್ತೇ ಅವರನ್ನು ಕೆಲಸದಿಂದ ತೆಗೆದರು. ಮಣಿಕಟ್ಟಿನ ಪಟ್ಟಿ ಬಿಚ್ಚಿ ನನ್ನ ಮೇಜಿನ ಮೇಲಿಟ್ಟು ಹೋದರು.

ಎರಡು ವರ್ಷ ಬಿಟ್ಟು ಕಾವೂರಿನ ಅವರ ಮನೆಗೆ ಹೋದೆ. ಹಾಸಿಗೆ ಹಿಡಿದಿದ್ದರು. "ಕಾಕ, ತಪ್ಪು ನಂದು. ಮಾಫ್ ಮಾಡಿ" ಎಂದೆ.

"ನನ್ನತ್ರ ಎಂತಕ್ಕೆ ಹೇಳ್ತೀ? ನನಗೆ ಗೊತ್ತುಂಟಲ್ಲ. ಆ ರಿಪೋರ್ಟ್ ಇರುವಲ್ಲಿ ಹೋಗಿ ಹೇಳು" ಎಂದರು. ಚಾ ಕುಡಿಸದೆ ಬಿಡಲಿಲ್ಲ.

ನಾಳೆ, ನಾಡಿದ್ದು ಎಂದು ತಳ್ಳುತ್ತಲೇ ಬಂದೆ. ಕಳೆದ ತಿಂಗಳು ಕಾಕ ತೀರಿಕೊಂಡರು. ಅವರಿಗೆ ಮಣ್ಣು ಹಾಕಿ ಬಂದ ಮರುದಿನ ಪತ್ರ ಬರೆದು ಮ್ಯಾನೇಜರನ ಮುಂದಿಟ್ಟೆ. ಕಾರ್ಡಿನ ತಪ್ಪು ನನ್ನದು, ರಿಪೋರ್ಟು ಸುಳ್ಳು, ನನ್ನ ಸಹಿಯೂ ಸುಳ್ಳು ಎಂದು ಬರೆದಿದ್ದೆ.

"ಈಗ ಎಂತಕ್ಕೆ ಮಾರಾಯ ಇದೆಲ್ಲ? ಅವರೇ ಇಲ್ಲವಲ್ಲ" ಎಂದ.

"ನಾನಿದ್ದೇನಲ್ಲ ಸರ್. ನೀವೂ ಇದ್ದೀರಿ" ಎಂದೆ. ಪತ್ರ ತಲುಪಿತೆಂದು ನಕಲಿನ ಮೇಲೆ ಸೀಲು ಒತ್ತಿಸಿಕೊಂಡೇ ಎದ್ದೆ.