ಹುಲಿಗೆಮ್ಮ ಮಿಸ್ ಮತ್ತು ನನ್ನ ಕೆಂಪು ಪೆನ್ನು

ಕಟಕ್! ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಆ ಸದ್ದಾಯಿತೆಂದರೆ ಹುಲಿಗೆಮ್ಮ ಮಿಸ್ ಊಟಕ್ಕೆ ಕೂತರೆಂದೇ ಅರ್ಥ. ನಾವೆಲ್ಲ ಸ್ಪೂನಿನಲ್ಲಿ ಲೆಮನ್ ರೈಸ್ ತಿನ್ನುತ್ತ ಮೆಲ್ಲಗೆ ಮಾತಾಡುತ್ತಿದ್ದರೆ, ಅವರು ಖಡಕ್ ಜೋಳದ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಮುರಿಯುತ್ತಿದ್ದರು.

ಹೊಸಪೇಟೆಯ ನಮ್ಮ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಅವರು ಗಣಿತದ ಟೀಚರ್. ಎಮ್ಮಿಗನೂರಿನಲ್ಲಿ ಕಂಡವರ ಕಬ್ಬು ಕಡಿಯುತ್ತಿದ್ದ ದಲಿತ ಮನೆಯ ಮಗಳು. ಅಪ್ಪನ ಕಾಲಕ್ಕೇ ಮನೆಮಂದಿ ಬೌದ್ಧರಾಗಿದ್ದರು. ದೇವಿಯ ಹೆಸರು ಮಾತ್ರ ಅಜ್ಜಿ ಇಟ್ಟದ್ದು. ನಾನು ಕಂಪ್ಲಿಯ ರೈಸ್ ಮಿಲ್ಲಿನ ಮನೆಯವಳು, ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಯಲ್ಲಿ ಓದಿ, ಈಗ ಇಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವಳು. ಜಾತಿಗೀತಿ ನನಗೆ ಗೊತ್ತೇ ಇಲ್ಲ ಎಂದು ಬಹಳ ಸಿನ್ಸಿಯರ್ ಆಗಿ ನಂಬಿದ್ದೆ.

ಹೊಸದರಲ್ಲಿ ಒಮ್ಮೆ ಅವರ ಡಬ್ಬಿಯ ಪುಂಡಿಪಲ್ಯ ರುಚಿ ನೋಡಿ, ಮೆಚ್ಚುಗೆಯಿಂದಲೇ, "ಅಬ್ಬಾ, ಎಷ್ಟು ಕ್ಲೀನಾಗಿ ಮಾಡ್ತೀರಿ ಅಡುಗೆ!" ಎಂದೆ.

"ಯಾಕ್ರಿ ಮೇಡಂ, ಮಣ್ಣು ಕಲಸಿರ್ತೀನಿ ಅನ್ಕಂಡಿದ್ರೇನು?" ಎಂದು ನಕ್ಕುಬಿಟ್ಟರು.

ನಾನೂ ನಕ್ಕೆ. ಸಂಜೆ ಮನೆಯಲ್ಲಿ ಟೀ ಕುದಿಸುವಾಗ ಮುಖ ಬಿಸಿಯಾಯಿತು. ಬೇರೆ ಯಾರ ಡಬ್ಬಿಗೂ ನಾನು ಆ ಸರ್ಟಿಫಿಕೇಟ್ ಕೊಟ್ಟಿರಲಿಲ್ಲ.

ಅವರ ರೀತಿಯೇ ಅದು. ಉಪದೇಶ ಮಾಡುತ್ತಿರಲಿಲ್ಲ. ಒಂದು ಪ್ರಶ್ನೆ ಕೇಳಿ, ಉತ್ತರಕ್ಕೂ ಕಾಯದೆ, ಸೀರೆಯ ಮೇಲಿನ ಚಾಕ್‌ಪುಡಿ ಕೊಡವಿಕೊಂಡು ಹೋಗಿಬಿಡುವುದು. ಸರ್ಕಾರ ಫೀಸು ಕೊಡುವ ಮಕ್ಕಳನ್ನು ನಮ್ಮ ಕ್ಲರ್ಕ್ ಬಾಗಿಲಲ್ಲಿ ನಿಂತು, "ಆರ್‌ಟಿಇಗಳೆಲ್ಲ ಎದ್ದು ನಿಲ್ರಿ" ಎಂದು ಕೂಗುತ್ತಿದ್ದ. "ಫೀಸು ಕಟ್ಟಿದವ್ರನ್ನೂ ಹಿಂಗ ನಿಲ್ಲಸ್ತೀರೇನಣ್ಣ?" ಎಂದು ಹುಲಿಗೆಮ್ಮ ಮಿಸ್ ಒಮ್ಮೆ ಕೇಳಿದ್ದರು. ಅವನು ಕೂಗುವುದನ್ನು ಬಿಟ್ಟ.

ಹಾಗೆ ಎದ್ದು ನಿಲ್ಲುತ್ತಿದ್ದವರಲ್ಲಿ ಆರನೇ ಕ್ಲಾಸಿನ ಸುಜಾತಾ ಒಬ್ಬಳು. ಕಡ್ಡಿರಾಂಪುರದವಳು, ಅಪ್ಪ ರಸ್ತೆ ಬದಿಯ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರು. ಹಂಪಿ ಬಜಾರಿನ ಬಗ್ಗೆ ನಾನು ಬರೆಯಲು ಹೇಳಿದ ಎಸ್ಸೆಯಲ್ಲಿ, ಆ ಕಲ್ಲುಮಂಟಪಗಳು ಯಾರಿಗೋ ಜಾಗ ಹಿಡಿದುಕೊಂಡು ಕೂತ ಹಾಗಿವೆ ಎಂದು ಅವಳು ಚೊಕ್ಕ ಇಂಗ್ಲಿಷಿನಲ್ಲಿ ಬರೆದಿದ್ದಳು. ನಾನು ಇಡೀ ಕ್ಲಾಸಿನ ಮುಂದೆ ನೋಟ್‌ಬುಕ್ ಎತ್ತಿ ಹಿಡಿದೆ.

"ಇದನ್ನ ಯಾರು ಬರೆದುಕೊಟ್ರು ಪುಟ್ಟಿ?"

"ನಾನ ಬರದೀನಿ ಮಿಸ್."

"ನಿಜ ಹೇಳು."

ಮಕ್ಕಳು ನಕ್ಕರು. ಅವಳು ಕೂತಳು. ನಾನು ಕೆಂಪು ಪೆನ್ನಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದಿನ ನೋಟ್‌ಬುಕ್ ತೆಗೆದುಕೊಂಡೆ.

ಆಮೇಲೆ ಅವಳ ಇಂಗ್ಲಿಷ್ ಕೆಡುತ್ತಾ ಬಂತು. ನಾಲ್ಕು ಸಾಲು, ನಾಲ್ಕರಲ್ಲೂ ತಪ್ಪು. ಮಾರ್ಕ್ಸ್ ಇಳಿದವರನ್ನು ಸಿ ಸೆಕ್ಷನ್ನಿಗೆ ಹಾಕುವುದು ನಮ್ಮಲ್ಲಿ ಪದ್ಧತಿ. ಅಲ್ಲಿಗೆ ಹೋದವರು ವಾಪಸ್ ಬಂದದ್ದನ್ನು ನಾನು ಕಂಡಿಲ್ಲ. ಆ ಪಟ್ಟಿಯಲ್ಲಿ ಸುಜಾತಾಳ ಹೆಸರು ಬರೆದವಳು ನಾನೇ.

ಹುಲಿಗೆಮ್ಮ ಮಿಸ್ ಅವಳ ಹಳೆಯದೂ ಹೊಸದೂ ಎರಡು ನೋಟ್‌ಬುಕ್ ತಂದು ನನ್ನ ಮುಂದಿಟ್ಟರು.

"ಇಷ್ಟು ಚೆಂದ ಬರೆಯಾಕಿ ಈಗ್ಯಾಕ ಹಿಂಗ ಬರದಾಳ ಅಂತ ಕೇಳಿದೆ ಮೇಡಂ. 'ತಪ್ಪಿದ್ರ ಮಿಸ್ ನಂದು ಅಂತ ನಂಬ್ತಾರ' ಅಂದ್ಳು. ನೀವು ಏನಂತೀರಿ?"

ಆವತ್ತು ಮಾತ್ರ ಅವರು ಉತ್ತರಕ್ಕೆ ಕಾದು ನಿಂತರು.

"ಐ ಆ್ಯಮ್ ಸೋ ಸಾರಿ, ಹುಲಿಗೆಮ್ಮ..."

"ನನಗ್ಯಾಕ್ರಿ ಸಾರಿ? ಕ್ಲಾಸಿನ ಮುಂದ ಅಂದಿದ್ದನ್ನ ಕ್ಲಾಸಿನ ಮುಂದನ ವಾಪಸ್ ತಗೋರಿ. ಆಮೇಲೆ ಪ್ರಿನ್ಸಿಪಾಲರ ಹತ್ರ ಹೋಗೋಣು, ನಾನೂ ಬರ್ತೀನಿ."

ಎರಡನ್ನೂ ಮಾಡಿದೆ. ತಪ್ಪು ನನ್ನದೆಂದು ಬರೆದುಕೊಟ್ಟ ಮೇಲೆ ಪಟ್ಟಿಯಿಂದ ಹೆಸರು ತೆಗೆದರು. ಸುಜಾತಾ ಮಾತ್ರ ನನ್ನನ್ನು ಅಷ್ಟು ಸುಲಭಕ್ಕೆ ಬಿಡಲಿಲ್ಲ. ಎಷ್ಟೋ ವಾರ ಗಿಡ್ಡ ಗಿಡ್ಡ ಎಸ್ಸೆಗಳನ್ನೇ ಕೊಟ್ಟಳು. ಒಂದು ದಿನ ಮೂರು ಪುಟ ತಂದಿಟ್ಟು, ನನ್ನ ಮುಖವನ್ನೇ ನೋಡುತ್ತಾ ನಿಂತಳು. ಪೆನ್ನಿನ ಕ್ಯಾಪ್ ತೆಗೆಯದೆ ಕೊನೆವರೆಗೂ ಓದಿದೆ.

ಮರುವರ್ಷ ಹುಲಿಗೆಮ್ಮ ಮಿಸ್‌ಗೆ ಸಂಡೂರಿನ ಕಡೆ ಸರ್ಕಾರಿ ಕೆಲಸ ಸಿಕ್ಕಿತು. ಬೀಳ್ಕೊಡುಗೆಯಲ್ಲಿ ನಮ್ಮ ಶಾಲಾ ಮಂಡಳಿಯ ಸೆಕ್ರೆಟರಿ ಮೈಕಿನಲ್ಲಿ, "ಇಂಥ ಹಿನ್ನೆಲೆಯಿಂದ ಬಂದು ಇಷ್ಟು ಬುದ್ಧಿವಂತರಾಗಿದ್ದು ನಿಜಕ್ಕೂ ಆಶ್ಚರ್ಯ" ಎಂದರು. ಅವರ ಪಕ್ಕದಲ್ಲಿ ಕೂತಿದ್ದ ಹುಲಿಗೆಮ್ಮ ಮಿಸ್ ಏನೋ ಕೇಳಲು ತಲೆ ಎತ್ತಿದ್ದು ಕಂಡಿತು. ಅಷ್ಟರಲ್ಲಿ ನಾನೇ ಎದ್ದು ನಿಂತಿದ್ದೆ.

"ಆಶ್ಚರ್ಯ ಯಾಕೆ ಸರ್?"

ಸೆಕ್ರೆಟರಿ ನೀರು ಕುಡಿದು, ಮಾತು ಬದಲಿಸಿ, ಬೇಗ ಮುಗಿಸಿದರು.

ಬಸ್‌ಸ್ಟ್ಯಾಂಡಿನವರೆಗೆ ನಾನೇ ಬಿಡಲು ಹೋದೆ. ಸಂಡೂರು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿ ಹೇಳಿದರು:

"ಇವತ್ತು ನಾ ಬಾಯಿ ತೆಗೀಬೇಕಾಗ್ಲಿಲ್ಲ ನೋಡ್ರಿ ಮೇಡಂ. ಭಾಳ ಆರಾಮ ಅನಿಸ್ತು."

ಅವರನ್ನು ನಾನು ಕೊನೆಯ ಸಲ ನೋಡಿದ್ದು ಆವತ್ತೇ. ಕೈ ಬೀಸೋಣವೆಂದು ಕಿಟಕಿಯ ಹತ್ತಿರ ಹೋದೆ. ಬಸ್ ಇನ್ನೂ ಹೊರಟಿರಲಿಲ್ಲ. ಅವರು ಸರಳಿಗೆ ತಲೆ ಆನಿಸಿ, ಆಗಲೇ ನಿದ್ದೆ ಹೋಗಿದ್ದರು.