ಹನ್ನೊಂದನೇ ನಂಬರು ಮತ್ತು ಹೊರಗಿನ ಎಲೆ

ನನಗೆ ಬರುವ ವಿದ್ಯೆ ಒಂದೇ. ಒಣಗಿಸಿದ ಹೊಗೆಸೊಪ್ಪಿನ ಎಲೆಯನ್ನು ಕೈಗೆ ಕೊಟ್ಟರೆ ಅದು ಯಾವ ದರ್ಜೆಯದು ಎಂದು ಹೇಳುತ್ತೇನೆ. ಕಣ್ಣು ಮಂಜಾದ ಮೇಲೂ ಹೇಳುತ್ತೇನೆ, ಬೆರಳಿಗೆ ಗೊತ್ತಾಗುತ್ತದೆ. ಒಳ್ಳೆಯ ಎಲೆ ಹಳೇ ಸೀರೆಯಂತೆ ಮಡಿಚಿಕೊಳ್ಳುತ್ತದೆ, ಕೆಟ್ಟದ್ದು ಹಪ್ಪಳದಂತೆ ಮುರಿಯುತ್ತದೆ. ಇಸ್ಕೂಲಿನ ವಿದ್ಯೆ ನಾಲ್ಕನೇ ಕ್ಲಾಸಿಗೇ ನಿಂತಿತು. ಇಂಥವಳು ವಿಶ್ವವಿದ್ಯಾಲಯದ ಬಗ್ಗೆ ಬರೆಯುವುದೆಂದರೆ ಈಜು ಬಾರದವಳು ಕೆರೆಯ ಆಳ ಹೇಳಿದ ಹಾಗೆ ಎಂದು ನೀವು ನಗಬಹುದು. ನಗಿ. ಆದರೆ ಆಳ ಗೊತ್ತಿರುವುದು ಈಜುವವನಿಗಲ್ಲ, ಮುಳುಗಿದವನಿಗೆ.

ಬೆಟ್ಟದಪುರದ ಈ ಕಡೆ ನಾವು ದರ್ಜೆ ಹಾಕದ ವಸ್ತುವೇ ಇಲ್ಲ. ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುತ್ತೇವೆ. ರಾಗಿ ಕೊಳ್ಳುವಾಗ ಮೂಟೆಯ ತಳಕ್ಕೆ ಕೈ ಇಳಿಸಿ ಒಂದು ಹಿಡಿ ತೆಗೆದು ಊದುತ್ತೇವೆ. ನನ್ನನ್ನು ನೋಡಲು ಬಂದ ದಿನ ನಮ್ಮ ಮಾವ ನನ್ನ ಮುಖವನ್ನೇ ನೋಡಲಿಲ್ಲ, ಅಂಗೈ ತೋರಿಸು ಅಂದರು. ಅಂಗೈಯಲ್ಲಿ ಹೊಗೆಸೊಪ್ಪಿನ ಅಂಟು ಕಪ್ಪಗೆ ಕೂತಿತ್ತು. "ಆಗ್ಬೌದು ಕಣ್ರೀ" ಅಂದರು. ನನ್ನ ಜೀವಮಾನಕ್ಕೆ ಸಿಕ್ಕ ರ‍್ಯಾಂಕು ಅದೊಂದೇ. ಆದರೂ ಆ ಮನುಷ್ಯ ನೋಡಬೇಕಾದ ಜಾಗವನ್ನೇ ನೋಡಿದ್ದರು ಎಂದು ಈಗಲೂ ಒಪ್ಪುತ್ತೇನೆ.

ಹೊಗೆಸೊಪ್ಪಿನ ಮೂಟೆಗೆ ನಾವು ಬೇಲ್ ಅನ್ನುತ್ತೇವೆ. ಬೇಲ್ ಕಟ್ಟುವುದರಲ್ಲಿ ಒಂದು ಕಳ್ಳವಿದ್ಯೆ ಉಂಟು, ಅದನ್ನೂ ಹೇಳಿಬಿಡುತ್ತೇನೆ, ಈಗ ಮುಚ್ಚಿಟ್ಟು ಆಗಬೇಕಾದ್ದೇನು. ಹಳದಿಯಾಗಿ ಹೊಳೆಯುವ ಅಗಲ ಎಲೆಗಳನ್ನು ಹೊರಗೆ ಸುತ್ತಲೂ ಜೋಡಿಸುವುದು, ಕಂದಿದ್ದು, ಚುಕ್ಕೆ ಬಿದ್ದದ್ದು, ಹರಿದದ್ದನ್ನು ನಡುವೆ ತುಂಬುವುದು. ನಾನೂ ಕಟ್ಟಿದ್ದೇನೆ, ಚೆನ್ನಾಗಿಯೇ ಕಟ್ಟಿದ್ದೇನೆ. ಒಂದು ವರ್ಷ ಹರಾಜಿನಲ್ಲಿ ದರ್ಜೆ ಹಾಕುವವನು ನಮ್ಮ ಬೇಲ್ ಮುಂದೆ ನಿಂತ. ಹೊರಗೆ ನೋಡಿ ತಲೆಯಾಡಿಸಿದ. ಆಮೇಲೆ ಮೊಣಕೈವರೆಗೆ ಒಳಕ್ಕೆ ಕೈ ಹಾಕಿ ನಡುವಿನಿಂದ ನಾಲ್ಕು ಎಲೆ ಎಳೆದ.

"ಇದ್ಯಾರಣ್ಣ ಕಟ್ಟಿದ್ದು?" ಅಂದ.

ನಮ್ಮ ಯಜಮಾನರು ಕ್ಷಣವೂ ತಡಮಾಡದೆ, "ನಮ್ಮೋಳು ಕಣಪ್ಪ, ನಾನು ಬ್ಯಾಡ ಅಂತಲೇ ಯೋಳ್ದೆ" ಅಂದರು.

ಹಾಗೆ ಅಂದಿರಲೇ ಇಲ್ಲ. ಬೇಲ್ ವಾಪಸ್ ಬಂತು. ಊರಿನವರೆಲ್ಲ ಕೇಳುವಂತೆ ನನ್ನ ಕಳ್ಳತನ ಬಯಲಾಯಿತು. ನಾಚಿಕೆಯಾಯಿತು. ಆದರೆ ಆವತ್ತೇ ಒಂದು ನಂಬಿಕೆಯೂ ಹುಟ್ಟಿತು: ನಂಬರು ಹಾಕುವವನು ಒಳಗೆ ಕೈ ಹಾಕಿ ನೋಡಿರುತ್ತಾನೆ. ನನ್ನ ಮೊಮ್ಮಗಳ ಮೂರು ವರ್ಷವನ್ನು ತಿಂದದ್ದು ಈ ನಂಬಿಕೆಯೇ.

ಮೊಮ್ಮಗಳ ಹೆಸರು ಸಿಂಚನ. ಪಿಯುಸಿ ಮುಗಿಸಿದವಳು ಮಣ್ಣು ಪರೀಕ್ಷೆಯ ಓದು ಓದುತ್ತೇನೆ ಅಂದಳು. ನಮ್ಮ ಹೊಲದಲ್ಲಿ ಮೇಲಿನ ತಾಕಿನ ಎಲೆ ಏಕೆ ದಪ್ಪ, ಕೆಳಗಿನದು ಏಕೆ ತೆಳ್ಳಗೆ ಎಂದು ಚಿಕ್ಕಂದಿನಿಂದ ಕೇಳುತ್ತಿದ್ದ ಹುಡುಗಿ. ಅವಳಪ್ಪ, ಅಂದರೆ ನನ್ನ ಮಗ, ಹುಣಸೂರಿನಲ್ಲೇ ಓದಲಿ, ಬಸ್ಸಿನಲ್ಲಿ ಹೋಗಿ ಬರಲಿ ಅಂದ. ಅಡ್ಡ ಹಾಕಿದವಳು ನಾನು. ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡಿನ ಎದುರು ಮನೆಯಷ್ಟಗಲದ ಫಲಕ ನಿಲ್ಲಿಸಿದ್ದರು. ಮೈಸೂರಿನ ಆಚೆ ಯಾವುದೋ ವಿಶ್ವವಿದ್ಯಾಲಯ, ಹೆಸರು ಹೇಳುವುದಿಲ್ಲ. ಎಲ್ಲ ಇಂಗ್ಲಿಷು, ಅದರಲ್ಲಿ ನನಗೆ ಓದಲು ಬಂದದ್ದು ಒಂದು ನಂಬರು: ಹನ್ನೊಂದು. ಇಡೀ ರಾಜ್ಯಕ್ಕೇ ಹನ್ನೊಂದನೆಯದಂತೆ.

"ಇಷ್ಟು ದೊಡ್ಡ ನಂಬರು ಸುಮ್ಕೆ ಕೊಟ್ಟಾರೇನ್ಲಾ? ಒಳೀಕೆ ಕೈ ಆಕಿ ನೋಡೇ ಕೊಟ್ಟಿರ್ತಾರೆ. ಸೇರಿಸ್ಲಾ" ಅಂದೆ ಮಗನಿಗೆ.

ಸೇರಿಸಿದ. ಮನೆಯಲ್ಲಿ ನನ್ನ ಮಾತು ನಡೆಯುತ್ತದೆ. ಆಗ ನಡೆಯದೆ ಇದ್ದಿದ್ದರೆ ಚೆನ್ನಾಗಿತ್ತು.

ಎರಡನೇ ವರ್ಷದ ರಜೆಗೆ ಬಂದಾಗ ಕೆಳಗಿನ ತಾಕಿನಿಂದ ಒಂದು ಬೊಗಸೆ ಮಣ್ಣು ತಂದು ಅವಳ ಮುಂದಿಟ್ಟೆ. "ಇದಕ್ಕೇನ್ ರೋಗ ಯೋಳವ್ವ" ಅಂದೆ. ಸಿಂಚನ ಮಣ್ಣು ನೋಡಿದಳು, ನನ್ನನ್ನು ನೋಡಿದಳು.

"ಯಂತ್ರ ಬೇಕು ಕಣಜ್ಜಿ."

"ಕಾಲೇಜಲ್ಲಿ ಇಲ್ವಾ?"

"ಪುಸ್ತಕದಲ್ಲಿ ಚಿತ್ರ ಐತೆ."

ನಾನು ನಕ್ಕೆ. ಅವಳು ನಗಲಿಲ್ಲ. ಮಣ್ಣಿನ ಪಾಠ ಹೇಳುವ ಮೇಷ್ಟ್ರು ಬಿಟ್ಟು ಹೋಗಿ ಒಂದು ವರ್ಷವಾಗಿತ್ತಂತೆ. ಬದಲಿಗೆ ಬಂದವರು ಪಾಠವನ್ನು ಓದಿ ಬರೆಸುತ್ತಾರಂತೆ, ನಮ್ಮ ನಾಲ್ಕನೇ ಕ್ಲಾಸಿನ ಹಾಗೆಯೇ. ಅಷ್ಟು ದೂರ ಕಳಿಸಿ ನಾನು ಅವಳನ್ನು ನನ್ನ ಕ್ಲಾಸಿಗೇ ಸೇರಿಸಿದ್ದೆ.

ಮೂರನೇ ವರ್ಷ ಹುರುಳಿ ಚಟ್ನಿಪುಡಿ ಕಟ್ಟಿಕೊಂಡು ಅವಳ ಹಾಸ್ಟೆಲಿಗೆ ಹೋದೆ. ಹೇಳದೆ ಹೋದದ್ದು, ಸರಿಯಾಗಿ ತಪಾಸಣೆಯವರು ಬರುವ ದಿನವೇ ಹೋದದ್ದು. ಕಾಲೇಜಿನ ಬಾಗಿಲಲ್ಲಿ ವ್ಯಾನಿನಿಂದ ಹೂಕುಂಡ ಇಳಿಸುತ್ತಿದ್ದರು. ಹೂಕುಂಡದ ಹಿಂದೆ ಯಂತ್ರಗಳೂ ಇಳಿದವು. ಅವುಗಳ ಮೇಲೆ ಅಂಟಿದ್ದ ಬೇರೆ ಯಾವುದೋ ಕಾಲೇಜಿನ ಹೆಸರಿನ ಚೀಟಿಯನ್ನು ಒಬ್ಬ ಉಗುರಿನಿಂದ ಕೆರೆದು ತೆಗೆಯುತ್ತಿದ್ದ. ಅಷ್ಟರಲ್ಲಿ ಒಬ್ಬ ಮೇಡಂ ಓಡಿ ಬಂದು, "ಅಜ್ಜಿ, ನೀವು ಪೋಷಕರಾ? ಬನ್ನಿ ಬನ್ನಿ" ಎಂದು ಕೈ ಹಿಡಿದು ಕರೆದುಕೊಂಡು ಹೋಗಿ ಪೋಷಕರ ಸಭೆಯ ಮುಂದಿನ ಸಾಲಿನಲ್ಲೇ ಕೂರಿಸಿದರು. ನನ್ನ ನರೆತ ತುರುಬು, ಅಂಚಿನ ಸೀರೆ ಅವರಿಗೆ ಬಹಳ ಹಿಡಿಸಿದವು.

ಸಿಂಚನ ಹೇಗೋ ಹಿಂದಿನಿಂದ ಬಂದು ನನ್ನ ಕಿವಿಗೆ ಬಾಯಿಟ್ಟಳು. "ಅಜ್ಜಿ, ನಿನ್ ಕಾಲ್ಗೆ ಬೀಳ್ತೀನಿ, ಏನೂ ಅನ್ಬ್ಯಾಡ. ಕಾಲೇಜಿನ ನಂಬರು ಒಂಟೋದ್ರೆ ನನ್ ಸರ್ಟಿಫಿಕೇಟ್ ಯಾರೂ ಮೂಸಿ ನೋಡಕಿಲ್ಲ. ಇನ್ನೇನು ಮುಗೀತೈತೆ."

ತಪಾಸಣೆಯವರಲ್ಲಿ ದೊಡ್ಡವರು ನನ್ನನ್ನೇ ಕೇಳಿದರು. "ಏನಮ್ಮಾ, ಮೊಮ್ಮಗಳು ಚೆನ್ನಾಗಿ ಕಲೀತಿದ್ದಾಳಾ? ನಿಮಗೆ ತೃಪ್ತಿಯಾ?"

ನನ್ನ ಬಾಯಿ ಎಂಥದ್ದೆಂದು ಊರಿಗೇ ಗೊತ್ತು. ಗಂಡನ ತಿಥಿಯ ದಿನವೇ ಅವರ ಸುಳ್ಳುಗಳನ್ನು ಎಣಿಸಿ ಹೇಳಿದವಳು ನಾನು. ಆ ಮನುಷ್ಯ ಎದ್ದು, ಪಕ್ಕದ ಕೋಣೆಗೆ ಹೋಗಿ, ಆ ಯಂತ್ರದ ತಂತಿಯ ತುದಿ ಎಲ್ಲಿದೆ ಎಂದು ನೋಡಿದ್ದರೆ ಸಾಕಿತ್ತು, ಒಳಗೆ ಬರುವಾಗ ನಾನೇ ಕಂಡಿದ್ದೆ, ಗೋಡೆಗೆ ಚುಚ್ಚಿರಲೇ ಇಲ್ಲ. ಅವರು ಬಾಗಿಲಲ್ಲಿ ನಿಂತು ನೋಡಿ ಬಂದಿದ್ದರು. ಕೈ ಹಾಕಿರಲಿಲ್ಲ. ನನ್ನ ಬೆನ್ನಿನ ಹಿಂದೆ ಸಿಂಚನಳ ಉಸಿರು ಕೇಳುತ್ತಿತ್ತು.

"ಚೆನ್ನಾಗೈತೆ ಸ್ವಾಮಿ" ಅಂದೆ.

ಬರೆದುಕೊಂಡರು. ಯಾರೋ ಫೋಟೋ ತೆಗೆದರು.

ಸಾಯಂಕಾಲ ಬಸ್ಸು ಹತ್ತಿಸಲು ಬಂದ ಸಿಂಚನಳನ್ನು ಕೇಳಿದೆ, ಈ ನಂಬರು ಕೊಡುವವರು ಯಾರು, ಹೇಗೆ ಕೊಡುತ್ತಾರೆ ಎಂದು. ಎಷ್ಟು ಮೇಷ್ಟ್ರಿದ್ದಾರೆ, ಎಷ್ಟು ಯಂತ್ರವಿದೆ ಎಂದು ಕಾಲೇಜಿನವರೇ ಬರೆದು ಕಳಿಸುತ್ತಾರಂತೆ. ಅದನ್ನು ಕೂಡಿಸಿ ಕಳೆದು ನಂಬರು ಹಾಕುತ್ತಾರಂತೆ, ತಪಾಸಣೆಯವರು ಬರುವುದು ಅದಕ್ಕೆ ಹೂಂ ಅನ್ನಲಷ್ಟೇ ಅಂತೆ.

"ಅಂದ್ರೆ ಬೇಲ್ ಕಟ್ದೋನೇ ಗ್ರೇಡ್ ಆಕ್ಕೊಂಡಂಗೆ?"

"ಊಂ ಕಣಜ್ಜಿ."

ಎಲ್ಲ ನಂಬರೂ ಹೀಗೆಯೇ ಇರಲಾರದು. ಕೈ ಹಾಕಿ ನೋಡಿ ಕೊಟ್ಟ ನಂಬರೂ ಎಲ್ಲೋ ಇದ್ದೀತು. ಯಾವುದು ಯಾವುದೆಂದು ಫಲಕದ ಕೆಳಗೆ ನಿಂತವರಿಗೆ ತಿಳಿಯುವುದು ಹೇಗೆ? ನನಗಂತೂ ತಿಳಿಯಲಿಲ್ಲ. ನಾನೇ ಕಳ್ಳಬೇಲ್ ಕಟ್ಟಿದವಳು, ನನಗೇ ತಿಳಿಯಲಿಲ್ಲ.

ಸಿಂಚನ ಮೊದಲ ದರ್ಜೆಯಲ್ಲೇ ಪಾಸಾದಳು. ಮಣ್ಣು ಪರೀಕ್ಷೆಯ ಕೆಲಸಕ್ಕೆ ಒಂದು ಕಡೆ ಕರೆದರು. ಸರ್ಟಿಫಿಕೇಟ್ ನೋಡಿ ಹನ್ನೊಂದನೇ ನಂಬರಿನ ಕಾಲೇಜಿನವಳು ಎಂದು ಮೆಚ್ಚಿದರಂತೆ. ಆಮೇಲೆ ಯಂತ್ರದ ಮುಂದೆ ನಿಲ್ಲಿಸಿ, ನಡೆಸಿ ತೋರಿಸಮ್ಮ ಅಂದರಂತೆ. ಅವರು ಕೈ ಹಾಕಿ ನೋಡಿದರು. ಅವರದು ತಪ್ಪೆಂದು ನಾನು ಅನ್ನುವುದಿಲ್ಲ. ಮನೆಗೆ ಬಂದವಳು ಸರ್ಟಿಫಿಕೇಟನ್ನು ಟ್ರಂಕಿನ ತಳಕ್ಕೆ ಹಾಕಿ ನನ್ನ ಪಕ್ಕ ಎಲೆ ವಿಂಗಡಿಸಲು ಕೂತಳು. ಎಲೆಯ ವಿದ್ಯೆ ಅವಳಿಗೆ ಎರಡೇ ವಾರಕ್ಕೆ ಬಂತು. ನನಗೆ ಎರಡು ವರ್ಷ ಹಿಡಿದಿತ್ತು. ಅಂಥ ತಲೆ ಅದು.

ಮೊನ್ನೆ ಆಚೆ ಬೀದಿಯ ಗೌರಮ್ಮ ಬಂದಳು. ಅವಳ ಮಗಳೂ ಪಿಯುಸಿ ಮುಗಿಸಿದ್ದಾಳೆ. ಕೈಯಲ್ಲಿ ಹೊಳೆಯುವ ಕಾಗದ. "ದೊಡ್ಡವ್ವ, ನಿಮ್ ಸಿಂಚನನ ಕಾಲೇಜಿಗೆ ಈ ಸತಿ ಒಂಬತ್ತನೇ ನಂಬರಂತೆ! ನಮ್ ಉಡ್ಗೀನೂ ಅಲ್ಲಿಗೇ ಸೇರಿಸ್ತೀನಿ" ಅಂದಳು.

ಸಿಂಚನ ತಲೆ ಎತ್ತಲಿಲ್ಲ. ಈ ಸಲ ನಾನು ಬಾಯಿ ಬಿಟ್ಟೆ. ಹೂಕುಂಡ, ವ್ಯಾನು, ಚೀಟಿ, ತಂತಿ, ಎಲ್ಲ ಹೇಳಿದೆ. "ಒಂದ್ ಮಂಗಳವಾರ ಯಾರ್ಗೂ ಯೋಳ್ದೆ ಓಗು. ಯಂತ್ರ ತೋರ‍್ಸಿ ಅನ್ನು. ನಿನ್ ಮಗಳ ಕೈಯಲ್ಲೇ ನಡೆಸ್ಸು" ಅಂದೆ.

ಗೌರಮ್ಮ ಪೂರ್ತಿ ಕೇಳಿ ನಕ್ಕಳು. "ನಿಮ್ ಉಡ್ಗಿ ಪಸ್ಟ್ ಕ್ಲಾಸಲ್ಲಿ ಪಾಸಾದಂಗೆ ನಮ್ಮೋಳೂ ಆಗ್ಬುಟ್ಟಾಳು ಅಂತ ಒಟ್ಟೆಕಿಚ್ಚಾ ದೊಡ್ಡವ್ವ? ಇಲ್ನೋಡಿ, ನೀವೇ ಇದ್ದೀರಲ್ಲ!" ಎಂದು ಆ ಕಾಗದವನ್ನು ನನ್ನ ಮುಂದೆ ಹಿಡಿದಳು.

ಇದ್ದೆ. ಒಂಬತ್ತರ ಪಕ್ಕದಲ್ಲಿ, ಅಂಗೈ ಅಗಲ, ಬಣ್ಣದಲ್ಲಿ. ಆವತ್ತು ನಾನು ನಕ್ಕಿರಲಿಲ್ಲ. ಕಿಟಕಿಯ ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದನ್ನು ಅವರು ನಗು ಅಂದುಕೊಂಡಿದ್ದಾರೆ. ಗೌರಮ್ಮ ಮಾರನೆಯ ದಿನವೇ ಹೋಗಿ ಮಗಳನ್ನು ಸೇರಿಸಿ ಬಂದಳು.

ಹೊರಗೆ ಇಡುವ ಎಲೆ ಅಗಲವಾಗಿರಬೇಕು, ಹಳದಿಯಾಗಿ ಮಾಗಿರಬೇಕು, ನೋಡಿದವರಿಗೆ ನಂಬಿಕೆ ಬರಬೇಕು. ಇಷ್ಟು ವರ್ಷ ಅಂಥ ಎಲೆಯನ್ನು ಹುಡುಕಿ ಹುಡುಕಿ ಜೋಡಿಸಿದವಳು ನಾನು. ನನ್ನ ಮುಖವೂ ಆ ದರ್ಜೆಯದೆಂದು ಈ ವಯಸ್ಸಿನವರೆಗೆ ಒಬ್ಬರೂ ಹೇಳಿರಲಿಲ್ಲ.